ಹಾರ್ಟ್ ಅಟ್ಯಾಕ್ ಅಂತ ಬಂದ ಪಲ್ಮನರಿ ಎಂಬಾಲಿಸಂ: ಸಿಟಿ ಮಾಡದೇ ಲೈಸಿಸ್ ಕೊಟ್ಟ ಒಂದು ಕೇಸ್

ರೋಗಿ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಕಡೆಯವರು, ವಯಸ್ಸು ನಲವತ್ತರ ಆಸುಪಾಸು, ಅಡಿಕೆ ಮರ ಹತ್ತಿ ಔಷಧಿ ಹೊಡೆಯೋದು, ಸೀಸನ್ನಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯೋದು ಅವರ ಕೆಲಸ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದೀನಿ.) ಜುಲೈ ಕೊನೆ, ಪುಷ್ಯ ಮಳೆ ಬಿಟ್ಟೂಬಿಡದೆ ಹೊಯ್ತಾ ಇತ್ತು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಂಬುಲೆನ್ಸಲ್ಲಿ ಶಿವಮೊಗ್ಗಕ್ಕೆ, ನಮ್ಮ ಕ್ಯಾಶುಯಲ್ಟಿಗೆ ಬಂದ್ರು. ಜೊತೆಗೆ ಹೆಂಡತಿ, ಹೆಂಡತಿಯ ತಮ್ಮ. ಕೈಯಲ್ಲಿದ್ದ ಚೀಟಿಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಇತ್ತು: ಇಸಿಜಿ ಬದಲಾವಣೆ ಇದೆ, ಟ್ರೋಪೋನಿನ್ ಪಾಸಿಟಿವ್, ಆಸ್ಪಿರಿನ್ 325, ಕ್ಲೋಪಿಡೋಗ್ರೆಲ್ 300 ಕೊಟ್ಟಿದೆ, ನೋವಿಗೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಆಗಿದೆ, ಮುಂದಿನ ಚಿಕಿತ್ಸೆಗೆ ಕಳಿಸಿದೆ.

ಆ ಚೀಟಿ ಬರೆದೋರನ್ನ ದೂರೋಕೆ ಈ ಬರಹ ಅಲ್ಲ. ಎದೆ ಹಿಡ್ಕೊಂಡು ಬೆವರಿ ಒದ್ದೆಯಾಗಿ ಬಂದ ಗಂಡಸು, ಇಸಿಜಿಯಲ್ಲಿ ಟಿ ವೇವ್ ತಲೆಕೆಳಗಾಗಿದೆ, ಟ್ರೋಪೋನಿನ್ ಕಾರ್ಡಲ್ಲಿ ಎರಡು ಗೆರೆ ಬಂದಿದೆ ಅಂದ್ರೆ ಯಾರಿಗಾದ್ರೂ ಮೊದಲು ಹೊಳೆಯೋದು ಹೃದಯಾಘಾತವೇ. ಆದ್ರೆ ಇವರ ಬಲಗಾಲಲ್ಲಿ ತೊಡೆ ಮಧ್ಯದವರೆಗೂ ಪ್ಲಾಸ್ಟರ್ ಇತ್ತು, ಮಳೆಗೆ ನೆನೆಯಬಾರದು ಅಂತ ಅದಕ್ಕೆ ಗೊಬ್ಬರದ ಚೀಲ ಸುತ್ತಿ ಬಾಳೆಪಟ್ಟೆ ದಾರದಲ್ಲಿ ಕಟ್ಟಿದ್ರು, ಮೇಲೆ ಕಂಬಳಿ ಹೊದಿಸಿದ್ರು. ಕಂಬಳಿ ತೆಗೆಯೋವರೆಗೂ ಕಾಲಿನ ವಿಷಯ ಯಾರ ಬಾಯಲ್ಲೂ ಬಂದಿರಲಿಲ್ಲ. ಎದೆ ನೋವು ಅಂತ ಬಂದೋರ ಕಾಲು ಯಾಕೆ ನೋಡ್ತಾರೆ ಅಂತ ಮನೆಯವರೂ ಹೇಳಿರಲಿಲ್ಲ.

ಬಂದಾಗ ಪಲ್ಸ್ 132, ಬಿಪಿ 78/50, ಉಸಿರು ನಿಮಿಷಕ್ಕೆ 36, ಆಕ್ಸಿಜನ್ ಇಲ್ಲದೆ ಸ್ಯಾಚುರೇಶನ್ 84, ಮಾಸ್ಕಲ್ಲಿ 15 ಲೀಟರ್ ಕೊಟ್ರೆ 91. ಕೈ ಕಾಲು ತಣ್ಣಗೆ, ಕುತ್ತಿಗೆಯ ನರ ಉಬ್ಬಿ ದವಡೆವರೆಗೂ ಕಾಣ್ತಾ ಇತ್ತು. ಮಾತಾಡ್ತಿದ್ರು ಆದ್ರೆ ಒಂದೊಂದೇ ಪದ. ಶ್ವಾಸಕೋಶಕ್ಕೆ ಸ್ಟೆತ್ ಇಟ್ರೆ ಎರಡೂ ಕಡೆ ಪೂರ್ತಿ ಕ್ಲಿಯರ್, ಒಂದು ಗೊರಗೊರ ಇಲ್ಲ ಒಂದು ವೀಜ್ ಇಲ್ಲ. ನನ್ನನ್ನ ನಿಲ್ಲಿಸಿದ್ದು ಇದೇ. ಎಡ ಹೃದಯ ಸೋತು ಬಿಪಿ 78ಕ್ಕೆ ಇಳಿದಿದ್ರೆ ಶ್ವಾಸಕೋಶದಲ್ಲಿ ನೀರು ತುಂಬಿ ಗೊರಗೊರ ಕೇಳಬೇಕಿತ್ತು, ನ್ಯುಮೋನಿಯಾ ಆಗಿದ್ರೆ ಒಂದು ಕಡೆಯಾದ್ರೂ ಏನೋ ಸಿಗಬೇಕಿತ್ತು. ಉಸಿರಿಗೆ ಇಷ್ಟು ಒದ್ದಾಡ್ತಾ ಇದ್ದು ಶ್ವಾಸಕೋಶ ಸ್ವಚ್ಛ, ಬಿಪಿ ನೆಲ ಕಚ್ಚಿದೆ, ಕುತ್ತಿಗೆ ನರ ಉಬ್ಬಿದೆ ಅಂದ್ರೆ ಪಟ್ಟಿ ತುಂಬಾ ಚಿಕ್ಕದಾಗುತ್ತೆ: ದೊಡ್ಡ ಎಂಬಾಲಿಸಂ (ಹೆಚ್ಚಾಗಿ ಕಾಲಿಂದ ರಕ್ತದ ಹೆಪ್ಪು ಬಂದು ಶ್ವಾಸಕೋಶದ ಅಪಧಮನಿಯಲ್ಲಿ ಕೂರೋದು), ಹೃದಯದ ಸುತ್ತ ನೀರು ತುಂಬಿ ಒತ್ತಿರೋದು, ಟೆನ್ಷನ್ ನ್ಯುಮೋಥೊರಾಕ್ಸ್ (ಎದೆಗೂಡಲ್ಲಿ ಗಾಳಿ ತುಂಬಿ ಶ್ವಾಸಕೋಶ ಒತ್ತಿರೋದು), ಬಲ ಹೃದಯಕ್ಕೆ ಆದ ಅಟ್ಯಾಕ್. ಮಳೆಗಾಲ ಅಂದ್ಕೂಡ್ಲೆ ನಮ್ಮ ಕಡೆ ಇಲಿಜ್ವರ, ಡೆಂಗ್ಯೂ ಶಾಕ್ ಕೂಡ ತಲೆಯಲ್ಲಿ ಓಡುತ್ತೆ, ಆದ್ರೆ ಇವರಿಗೆ ಹಿಂದಿನ ದಿನದವರೆಗೂ ಜ್ವರ ಅನ್ನೋದೇ ಇರಲಿಲ್ಲ, ಶಾಕಲ್ಲಿರೋ ಡೆಂಗ್ಯೂ ರೋಗಿಗೆ ಕುತ್ತಿಗೆ ನರ ಹೀಗೆ ಉಬ್ಬೋದೂ ಇಲ್ಲ.

ಇಸಿಜಿ ಮತ್ತೆ ತೆಗೆಸಿದ್ವಿ. ಒಂದನೇ ಲೀಡಲ್ಲಿ ಆಳವಾದ ಎಸ್, ಮೂರನೇ ಲೀಡಲ್ಲಿ ಕ್ಯೂ ಮತ್ತೆ ತಲೆಕೆಳಗಾದ ಟಿ. ಪಾಠದಲ್ಲಿ ಓದಿದ ಎಸ್1ಕ್ಯೂ3ಟಿ3 ಇದೇ, ಆದ್ರೆ ಇದು ಇಲ್ಲದ ಎಂಬಾಲಿಸಂ ಎಷ್ಟೋ ಇವೆ, ಇದ್ದೂ ಎಂಬಾಲಿಸಂ ಅಲ್ಲದ್ದೂ ಇವೆ, ಎಲ್ಲಕ್ಕಿಂತ ಹೆಚ್ಚು ಕಾಣೋದು ಬರೀ ವೇಗದ ಪಲ್ಸ್. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಟಿ ವೇವ್ ಎದೆಯ ಲೀಡ್ ವಿ1ರಿಂದ ವಿ4ವರೆಗೂ ತಿರುಗಿದ್ದು ಮತ್ತೆ ಅದೇ ಹೊತ್ತಿಗೆ ಮೂರನೇ ಲೀಡಲ್ಲೂ ತಿರುಗಿದ್ದು. ಹೃದಯದ ಮುಂಭಾಗದ ರಕ್ತನಾಳದ ತೊಂದರೆ ಆಗಿದ್ರೆ ಸಾಮಾನ್ಯವಾಗಿ ಮೂರನೇ ಲೀಡ್ ಹೀಗೆ ಜೊತೆ ಸೇರಲ್ಲ, ಎರಡೂ ಒಟ್ಟಿಗೆ ಬಂದ್ರೆ ಬಲ ಹೃದಯಕ್ಕೆ ಒತ್ತಡ ಬಿದ್ದಿದೆ ಅನ್ನೋ ಕಡೆಗೆ ತೂಗುತ್ತೆ. ಟ್ರೋಪೋನಿನ್ ಕಥೆನೂ ಅಷ್ಟೇ. ಅದು ಹೃದಯದ ಸ್ನಾಯುಗೆ ಏಟು ಬಿದ್ದಿದೆ ಅಂತ ಹೇಳುತ್ತೆ, ಏಟು ಎಡಕ್ಕಾ ಬಲಕ್ಕಾ, ರಕ್ತನಾಳ ಕಟ್ಟಿ ಆಗಿದ್ದಾ ಒತ್ತಡಕ್ಕೆ ಆಗಿದ್ದಾ ಅಂತ ಹೇಳಲ್ಲ.

ನಮ್ಮ ಡ್ಯೂಟಿ ಡಾಕ್ಟರ್ ಹುಡುಗಿ ಡಿ-ಡೈಮರ್ ಕಳಿಸ್ಲಾ ಸಾರ್ ಅಂದ್ಲು. ಬೇಡ ಅಂದೆ. ಡಿ-ಡೈಮರ್ ಅನ್ನೋ ರಕ್ತ ಪರೀಕ್ಷೆ ಇರೋದು ಅನುಮಾನ ಕಮ್ಮಿ ಇರೋರಲ್ಲಿ ಎಂಬಾಲಿಸಂ ಇಲ್ಲ ಅಂತ ತೆಗೆದುಹಾಕೋಕೆ. ಮೂಳೆ ಮುರ್ಕೊಂಡು ಮಲಗಿರೋರಲ್ಲಿ ಅದು ಹೇಗಿದ್ರೂ ಏರಿರುತ್ತೆ, ಬಂದ ರಿಪೋರ್ಟಿಂದ ನಾವು ಮಾಡೋದ್ರಲ್ಲಿ ಏನೂ ಬದಲಾಗಲ್ಲ. ಎಂಬಾಲಿಸಂ ಸಂಭವ ಎಷ್ಟು ಅಂತ ಅಳೆಯೋ ವೆಲ್ಸ್ ಸ್ಕೋರ್ ಲೆಕ್ಕ ಹಾಕಿದ್ರೂ ಕಾಲಿನ ಲಕ್ಷಣಕ್ಕೆ 3, ಬೇರೆ ಕಾಯಿಲೆ ಇದಕ್ಕಿಂತ ಸಂಭವ ಕಮ್ಮಿ ಅನ್ನೋದಕ್ಕೆ 3, ಪಲ್ಸ್ ನೂರು ದಾಟಿದ್ದಕ್ಕೆ 1.5, ಹಾಸಿಗೆ ಹಿಡಿದಿದ್ದಕ್ಕೆ 1.5, ಒಟ್ಟು 9. ನಾಲ್ಕು ದಾಟಿದ್ರೇ ಎಂಬಾಲಿಸಂ ಸಂಭವ ಇದೆ ಅಂತ ಹಿಡೀತೀವಿ. ಅಸಲಿಗೆ ಆ ಸ್ಕೋರು, ಆ ಟೆಸ್ಟು ಎಲ್ಲ ಬಿಪಿ ಸರಿ ಇರೋರಿಗೆ. ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 90ಕ್ಕಿಂತ ಕೆಳಗೆ ಇಳಿದಿದ್ರೆ ಅಥವಾ ಇದ್ದದ್ದರಿಂದ 40 ಕುಸಿದು 15 ನಿಮಿಷ ಮೇಲಾದ್ರೂ ಎದ್ದಿಲ್ಲ ಅಂದ್ರೆ ಅದು ಹೈ ರಿಸ್ಕ್ ಎಂಬಾಲಿಸಂ, ದಾರಿನೇ ಬೇರೆ.

ನಮ್ಮಲ್ಲಿ ಸಿಟಿ ಇದೆ. ಆದ್ರೆ ಕೆಳಗಿನ ಫ್ಲೋರಲ್ಲಿ, ಲಿಫ್ಟ್ ಇಳಿದು, ಕಾರಿಡಾರ್ ದಾಟಿ, ಟೇಬಲ್ ಮೇಲೆ ಅಂಗಾತ ಮಲಗಿಸಿ, ಡೈ ಹಾಕಿ. ಆ ಹೊತ್ತಲ್ಲಿ ಹೃದಯ ನಿಂತ್ರೆ ಸಿಟಿ ಕೋಣೆಯಲ್ಲಿ ಒಬ್ಬ ಟೆಕ್ನಿಷಿಯನ್ ಬಿಟ್ರೆ ಯಾರೂ ಇರಲ್ಲ. ಸ್ಥಿರ ಇರೋ ರೋಗಿಗೆ ಸಿಟಿ ಪಲ್ಮನರಿ ಆಂಜಿಯೋ ಮಾಡದೆ ಎಂಬಾಲಿಸಂ ಅಂತ ಹಣೆಪಟ್ಟಿ ಹಚ್ಚಬಾರದು ಅನ್ನೋದನ್ನ ನಾನೂ ಒಪ್ತೀನಿ. 78/50 ಇರೋರನ್ನ ಅಲ್ಲಿಗೆ ಕಳಿಸೋದು ಮಾತ್ರ ನನ್ನ ಕೈಲಿ ಆಗಲ್ಲ. ಯುರೋಪಿಯನ್ ಕಾರ್ಡಿಯಾಲಜಿ ಸೊಸೈಟಿಯ 2019ರ ಗೈಡ್‌ಲೈನೂ ಇದನ್ನೇ ಹೇಳುತ್ತೆ: ಸಿಟಿಗೆ ಒಯ್ಯೋ ಸ್ಥಿತಿ ಇಲ್ಲ ಅಂದ್ರೆ ಬೆಡ್ ಹತ್ರನೇ ಎಕೋ, ಬಲ ಹೃದಯ ಹಿಗ್ಗಿ ಸೋತಿರೋದು ಕಂಡ್ರೆ ಅದೇ ಸಾಕು, ಚಿಕಿತ್ಸೆ ಶುರು ಮಾಡಿ.

ಎಕೋ ಇಟ್ಟಾಗ ಕಂಡದ್ದು ಹೇಳ್ತೀನಿ. ಬಲ ವೆಂಟ್ರಿಕಲ್ (ಹೃದಯದ ಕೆಳಗಿನ ಕೋಣೆ) ಎಡದಕ್ಕಿಂತ ದೊಡ್ಡದು, ಇರಬೇಕಾದ್ದು ಉಲ್ಟಾ. ಮಧ್ಯದ ಗೋಡೆ ಎಡಕ್ಕೆ ತಳ್ಳಿ ಎಡ ವೆಂಟ್ರಿಕಲ್ ಡಿ ಆಕಾರಕ್ಕೆ ಬಂದಿತ್ತು. ಬಲಗಡೆಯ ಗೋಡೆ ಹೆಚ್ಚುಕಮ್ಮಿ ನಿಂತೇ ಹೋಗಿತ್ತು, ತುದಿ ಮಾತ್ರ ಪಟಪಟ ಬಡೀತಿತ್ತು. ಬಲ ವೆಂಟ್ರಿಕಲ್ ಎಷ್ಟು ಬಲವಾಗಿ ಬಡೀತಿದೆ ಅಂತ ಹೇಳೋ ಅಳತೆ, ಟ್ಯಾಪ್ಸಿ, 11 ಮಿಲಿಮೀಟರ್, 17 ಇರಬೇಕಿತ್ತು. ಹೊಟ್ಟೆಯಿಂದ ಮೇಲೆ ಬರೋ ದೊಡ್ಡ ಅಭಿಧಮನಿ ಉಬ್ಬಿ ಉಸಿರಿಗೂ ಕುಗ್ಗದೆ ಕೂತಿತ್ತು. ಹೃದಯದ ಸುತ್ತ ನೀರಿಲ್ಲ, ಎರಡೂ ಶ್ವಾಸಕೋಶ ಸರಿಯಾಗಿ ಜಾರ್ತಿದೆ, ಅಂದ್ರೆ ಎರಡು ಅನುಮಾನ ಅಲ್ಲೇ ಹೋಯ್ತು. ಬಲ ಹೃದಯದ ಅಟ್ಯಾಕ್ ಒಂದು ಉಳೀತು, ಅದ್ರಲ್ಲೂ ಬಲ ವೆಂಟ್ರಿಕಲ್ ಹಿಗ್ಗುತ್ತೆ.

ಅದನ್ನ ತೀರ್ಮಾನ ಮಾಡಿದ್ದು ತೊಡೆಸಂದಿ. ಪ್ಲಾಸ್ಟರ್ ತೊಡೆ ಮಧ್ಯಕ್ಕೆ ನಿಂತಿತ್ತು, ಮೊಣಕಾಲ ಹಿಂದಿನ ಅಭಿಧಮನಿ ನೋಡೋ ಹಾಗಿರಲಿಲ್ಲ, ಆದ್ರೆ ತೊಡೆಸಂದಿ ಖಾಲಿ ಇತ್ತಲ್ಲ. ಪ್ರೋಬ್ ಇಟ್ಟು ಮೆಲ್ಲಗೆ ಒತ್ತಿದ್ರೆ ಎಡಗಾಲಲ್ಲಿ ಅಭಿಧಮನಿ ತಟ್ಟಂತ ಮುಚ್ಚಿಕೊಳ್ತಿತ್ತು, ಬಲಗಾಲಲ್ಲಿ ಎಷ್ಟು ಒತ್ತಿದ್ರೂ ದುಂಡಗೇ ಇತ್ತು, ಒಳಗೆ ಬೂದು ಬಣ್ಣದ್ದೇನೋ ತುಂಬಿಕೊಂಡಿತ್ತು. ಒಂದು ಸಲ ಗೊತ್ತಾದ ಮೇಲೆ ಮತ್ತೆ ಮತ್ತೆ ಒತ್ತೋಕೆ ಹೋಗ್ಬಾರದು, ಹೆಪ್ಪಿನ ಒಂದು ತುಂಡು ಸಡಿಲ ಆಗಿರಬಹುದು. ಎಕೋ ಕಾಲು ಎರಡೂ ಸೇರಿ ಐದಾರು ನಿಮಿಷದ ಕೆಲಸ. ತಾಲ್ಲೂಕು ಮಟ್ಟದಲ್ಲೂ ಈಗ ಎಷ್ಟೋ ಕಡೆ ಸ್ಕ್ಯಾನಿಂಗ್ ಮೆಷಿನ್ ಇದೆ, ತೊಡೆಸಂದಿ ಒತ್ತಿ ನೋಡೋದು ಕಲಿಯೋಕೆ ರೇಡಿಯಾಲಜಿಸ್ಟೇ ಆಗಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಯಾರೋ ಒಂದು ಬಾಟಲ್ ಸಲೈನ್ ಜೋರಾಗಿ ಬಿಟ್ಟಿದ್ರು, ಬಿಪಿ ಕಮ್ಮಿ ಅಂದ್ರೆ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. 200 ಎಂಎಲ್ ಹೋಗಿತ್ತು, ನಿಲ್ಲಿಸಿದೆ. ಬಲ ವೆಂಟ್ರಿಕಲ್ ತೆಳು ಗೋಡೆಯದ್ದು, ಜೀವನಪೂರ್ತಿ ಕಮ್ಮಿ ಒತ್ತಡಕ್ಕೆ ಒಗ್ಗಿಕೊಂಡಿರುತ್ತೆ, ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 40 ದಾಟಿಸೋ ಶಕ್ತಿ ಅದಕ್ಕೆ ಏಕಾಏಕಿ ಬರಲ್ಲ. ಮುಂದೆ ದಾರಿ ಕಟ್ಟಿದ್ರೆ ಹಿಗ್ಗುತ್ತೆ, ಹಿಗ್ಗಿ ಮಧ್ಯದ ಗೋಡೆನ ಎಡಕ್ಕೆ ತಳ್ಳುತ್ತೆ, ಎಡಕ್ಕೆ ತುಂಬಿಕೊಳ್ಳೋಕೆ ಜಾಗನೂ ಇಲ್ಲ ಬರೋ ರಕ್ತನೂ ಇಲ್ಲ, ಬಿಪಿ ಬೀಳುತ್ತೆ, ಬಿಪಿ ಬಿದ್ರೆ ಬಲ ಹೃದಯದ ಸ್ನಾಯುಗೆ ಹೋಗೋ ರಕ್ತನೇ ಕಮ್ಮಿ ಆಗಿ ಅದು ಇನ್ನೂ ಸೋಲುತ್ತೆ. ಆ ಸುಳಿಗೆ ಸಲೈನ್ ಸುರಿದ್ರೆ ಇನ್ನಷ್ಟು ಹಿಗ್ಗಿಸಿದ ಹಾಗೆ. 500 ಎಂಎಲ್ ದಾಟಲೇಬಾರದು, ಅಭಿಧಮನಿ ಆಗ್ಲೇ ಉಬ್ಬಿರೋ ಇವರಂಥೋರಿಗೆ ಅಷ್ಟೂ ಬೇಡ. ನಾರ್‌ಅಡ್ರಿನಲಿನ್ (ಬಿಪಿ ಏರಿಸೋ ಔಷಧಿ) ಕೈಯಲ್ಲಿದ್ದ ದಪ್ಪ ಲೈನಲ್ಲೇ ಶುರು ಮಾಡಿದ್ವಿ, ಕುತ್ತಿಗೆಗೆ ಸೆಂಟ್ರಲ್ ಲೈನ್ ಹಾಕೋಕೆ ಹೋಗಲಿಲ್ಲ, ಸ್ವಲ್ಪ ಹೊತ್ತಲ್ಲಿ ಹೆಪ್ಪು ಕರಗಿಸೋ ಔಷಧಿ ಹೋಗೋದಿದ್ರೆ ಒತ್ತಿ ಹಿಡಿಯೋಕಾಗದ ಜಾಗದಲ್ಲಿ ಹೊಸ ತೂತು ಬೇಡ. ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಿಬಿಡೋಣ ಅನ್ನೋ ಮಾತೂ ಬಂತು. ಮಂಪರಿನ ಔಷಧಿಗೆ ಇರೋ ಬಿಪಿನೂ ಹೋಗುತ್ತೆ, ಮೆಷಿನ್ನಿನ ಒತ್ತಡಕ್ಕೆ ಬಲ ಹೃದಯಕ್ಕೆ ವಾಪಸ್ ಬರೋ ರಕ್ತ ಇನ್ನೂ ಕಮ್ಮಿ ಆಗುತ್ತೆ, ಇಂಥೋರು ಟ್ಯೂಬ್ ಹಾಕಿದ ಎರಡು ನಿಮಿಷಕ್ಕೆ ಹೋಗಿಬಿಡ್ತಾರೆ. ಮಾಸ್ಕಲ್ಲಿ 91 ಇದೆ, ಪ್ರಜ್ಞೆ ಇದೆ, ಸಾಕು. ಹೆಪ್ಪು ಬೆಳೆಯದ ಹಾಗೆ ತಡೆಯೋ ಹೆಪಾರಿನ್ ಕೆಜಿಗೆ 80 ಯೂನಿಟ್ ಲೆಕ್ಕದಲ್ಲಿ, 62 ಕೆಜಿ ತೂಕಕ್ಕೆ 5000 ಯೂನಿಟ್ ಒಂದೇ ಸಲ ಕೊಟ್ಟಾಯ್ತು. ಕಿಬ್ಬೊಟ್ಟೆಗೆ ಚುಚ್ಚೋ ಹೆಪಾರಿನ್ ಬದಲು ಹಳೇದನ್ನೇ ಆರಿಸಿದ್ದು ಬೇಕಂತಲೇ, ನಿಲ್ಲಿಸಿದ್ರೆ ಒಂದೆರಡು ಗಂಟೆಯಲ್ಲಿ ಪ್ರಭಾವ ಇಳಿಯುತ್ತೆ.

ಇನ್ನು ಲೈಸಿಸ್, ಅಂದ್ರೆ ಹೆಪ್ಪು ಕರಗಿಸೋ ಔಷಧಿ ಕೊಡೋದು. ಇಲ್ಲೇ ನಿಜವಾದ ತಲೆಬಿಸಿ. ಮೂರು ವಾರದೊಳಗೆ ದೊಡ್ಡ ಪೆಟ್ಟು, ಆಪರೇಷನ್, ತಲೆಗೆ ಏಟು ಆಗಿದ್ರೆ ಕೊಡಬಾರದು ಅಂತ ಇದೆ. ಇವರು ಮರದಿಂದ ಬಿದ್ದೋರು. ಯಾವತ್ತು ಬಿದ್ರು? ಪ್ಲಾಸ್ಟರ್ ಹಾಕಿದ ಕಡೆಯ ಚೀಟಿ ಮಳೆಗೆ ನೆಂದು ಮುದ್ದೆಯಾಗಿತ್ತು, ತಾರೀಖಿನ ಜಾಗದಲ್ಲಿ ನೀಲಿ ಕಲೆ. ಹೆಂಡತಿಗೆ ತಾರೀಖು ನೆನಪಿಲ್ಲ. "ಮೂರು ವಾರ ಆಗಿರಬಹುದು ಡಾಕ್ಟ್ರೇ, ಇಲ್ಲ ನಾಕು ವಾರ" ಅಂತಾರೆ. ಮೂರಾ ನಾಕಾ ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ. ಆಗ ನಮ್ಮ ಸಿಸ್ಟರ್, ಅವರೂ ಸಾಗರದ ಕಡೆಯ ತೋಟದ ಮನೆಯವರೇ, "ಅಕ್ಕಾ, ಯಾವ ಮಳೆಲಿ ಬಿದ್ದಿದ್ದು?" ಅಂತ ಕೇಳಿದ್ರು. ಉತ್ತರ ತಡ ಆಗಲೇ ಇಲ್ಲ. "ಆರಿದ್ರೆ ಮಳೆಲಿ, ಮೊದಲನೇ ಔಷಧಿ ಹೊಡೆಯೋವಾಗ, ಪುನರ್ವಸು ಹುಟ್ಟೋಕೆ ಇನ್ನೆರಡು ದಿನ ಇತ್ತು." ಫಾರ್ಮಸಿ ಗೋಡೆಯ ಕ್ಯಾಲೆಂಡರಲ್ಲಿ ಪುನರ್ವಸು ಹುಟ್ಟೋ ತಾರೀಖು ಇತ್ತು, ಎಣಿಸಿದ್ರೆ 26 ದಿನ. ಹೆಂಡತಿಯ ತಮ್ಮನನ್ನ ಬೇರೆ ಕರೆದು ಕೇಳಿದ್ರೂ ಅದೇ ಮಳೆ ಅದೇ ದಿನ.

ತಲೆಗೆ ಪೆಟ್ಟು ಬಿದ್ದಿತ್ತಾ? ಇಲ್ಲ, ಪಾಚಿ ಹಿಡಿದ ಮರ, ಇಳಿಯೋವಾಗ ಜಾರಿ ಕಾಲು ಮುಂದಾಗಿ ಕಪ್ಪಿನ (ತೋಟದ ಬಸಿಗಾಲುವೆ) ಕೆಸರಿಗೆ ಬಿದ್ದಿದ್ದು, ಪ್ರಜ್ಞೆ ತಪ್ಪಿಲ್ಲ ವಾಂತಿ ಇಲ್ಲ. ಮೂಳೆ ಒಳಗೇ ಮುರಿದಿತ್ತು, ಗಾಯ ಇಲ್ಲ, ಆಪರೇಷನ್ ಆಗಿಲ್ಲ. ಆದ್ರೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತು, ಇದನ್ನ ಎಷ್ಟೋ ಜನ ಮರೀತಾರೆ. ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋದಾಗ ಕಣ್ಣು ಕತ್ತಲೆ ಬಂದು ಕುಸಿದ್ರಲ್ಲ, ಆಗ ತಲೆ ಎಲ್ಲಾದ್ರೂ ಬಡೀತಾ? ಎಂಬಾಲಿಸಂ ಎಷ್ಟೋ ಸಲ ಹೀಗೇ ಶುರುವಾಗೋದು, ಎದ್ದು ನಾಲ್ಕು ಹೆಜ್ಜೆ ಇಟ್ಟ ಕೂಡ್ಲೆ ಅಥವಾ ಮುಕ್ಕರಿದಾಗ. ಹಂಡೆಯ ಕಟ್ಟೆಗೆ ತಲೆ ಬಡಿದಿದ್ರೆ ಲೈಸಿಸ್ ಕೊಟ್ಟು ಮಿದುಳಲ್ಲಿ ರಕ್ತ ಸುರಿಸಿದ ಹಾಗಾಗುತ್ತೆ. ಹೆಂಡತಿಯ ತಮ್ಮ ಅವರ ಹಿಂದೇನೇ ಊರುಗೋಲು ಹಿಡ್ಕೊಂಡು ನಿಂತಿದ್ನಂತೆ, "ನನ್ ಮೈಮೇಲೇ ಒರಗಿದ್ರು, ಹಂಗೇ ಕೂರಿಸ್ದೆ" ಅಂದ. ಆದ್ರೂ ನಾನು ಕೂದಲೊಳಗೆ ಬೆರಳು ಹಾಕಿ ತಲೆ ಪೂರ್ತಿ ತಡವಿ ನೋಡಿದೆ, ಊತ ಇಲ್ಲ, ಪಾಪೆ ಎರಡೂ ಸಮ, ಕೈ ಕಾಲು ಬಲ ಸಮ.

ಇಂಥ ತುರ್ತಿನ ಹೊತ್ತಲ್ಲೇ ಇನ್ನೊಂದು ಚರ್ಚೆ. "ಮಣಿಪಾಲಕ್ಕೆ ಹೋಗ್ಬಿಡಣ ಡಾಕ್ಟ್ರೇ, ಆಂಬುಲೆನ್ಸ್ ಇಲ್ಲೇ ನಿಂತಿದೆ." ನಮ್ಮ ಕಡೆ ಯಾವುದೇ ದೊಡ್ಡ ಕಾಯಿಲೆಗೆ ಈ ಮಾತು ಬಂದೇ ಬರುತ್ತೆ, ತಪ್ಪೂ ಅಲ್ಲ, ಅಲ್ಲಿ ಇರೋ ಸೌಲಭ್ಯ ಇಲ್ಲಿಲ್ಲ. ಆದ್ರೆ ಆ ಮಳೆಲಿ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯೋದು, ಮರ ಬಿದ್ದಿದ್ರೆ ಅಲ್ಲೇ ನಿಲ್ಲೋದು, ನೆಟ್‌ವರ್ಕ್ ಇಲ್ಲ. ನಾನು ಅಕ್ಕನ ಹತ್ರ ಕೂತು ಹೇಳಿದೆ, ಔಷಧಿ ಹೊಡೆಯೋ ಪಂಪಿನ ನಾಜಲ್ಲಿಗೆ ಸುಣ್ಣದ ಗಂಟು ಕೂತ್ರೆ ಹೇಗೆ ಪೈಪ್ ಉಬ್ಬಿ ಹಿಂದೆ ಒದೆಯುತ್ತೋ ಹಾಗೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ಕೊಳವೆಗೆ ರಕ್ತದ ಗಂಟು ಕೂತಿದೆ, ಅದನ್ನ ಕರಗಿಸೋ ಇಂಜೆಕ್ಷನ್ ಇಲ್ಲೇ ಇದೆ, ದಾರಿ ಬಿಟ್ಕೊಂಡ ಮೇಲೆ ಬೇಕಾದ್ರೆ ಎಲ್ಲಿಗಾದ್ರೂ ಹೋಗೋಣ. ಅಪಾಯನೂ ಹೇಳ್ದೆ. ಮಿದುಳಲ್ಲಿ ರಕ್ತಸ್ರಾವ ಆಗಬಹುದು, ಆದ್ರೆ ಜೀವ ಹೋಗಬಹುದು, ಉಳಿದ್ರೂ ಕೈಕಾಲು ಹೋಗಬಹುದು. ಬೆಳಿಗ್ಗೆ ಎರಡು ಹಾರ್ಟ್ ಮಾತ್ರೆ ಕೊಟ್ಟಿರೋದ್ರಿಂದ ಸ್ವಲ್ಪ ಜಾಸ್ತಿನೇ. ಕೊಡದೇ ಇದ್ರೆ ಸಂಜೆ ನೋಡೋದು ಕಷ್ಟ. ಅಕ್ಕ ಗಂಡನ ಮುಖ ನೋಡಿ "ಕೊಡಿ" ಅಂದ್ರು, ಸಹಿ ತಮ್ಮ ಮಾಡಿದ.

ಈ ತೀರ್ಮಾನದ ಹಿಂದಿನ ಪುರಾವೆ ಎಷ್ಟು ಗಟ್ಟಿ ಅಂತ ಕೇಳಿದ್ರೆ, ಶಾಕಲ್ಲಿರೋರ ಮೇಲೆ ಮಾಡಿದ ಟ್ರಯಲ್ ಬೆರಳೆಣಿಕೆ. 1995ರಲ್ಲಿ ಮೆಕ್ಸಿಕೋದಿಂದ ಬಂದದ್ದರಲ್ಲಿ ಒಟ್ಟು 8 ಜನ: ಹೆಪ್ಪು ಕರಗಿಸೋ ಸ್ಟ್ರೆಪ್ಟೋಕೈನೇಸ್ ಕೊಟ್ಟ 4 ಜನ ಬದುಕಿದ್ರು, ಬರೀ ಹೆಪಾರಿನ್ ಕೊಟ್ಟ 4 ಜನ ತೀರ್ಕೊಂಡ್ರು, ಟ್ರಯಲ್ ಅಲ್ಲಿಗೇ ನಿಲ್ಲಿಸಿದ್ರು. ಎಂಟು ಜನರ ಲೆಕ್ಕಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ. ಬಿಪಿ ಸರಿ ಇದ್ದು ಬಲ ಹೃದಯ ಮಾತ್ರ ಸೋತಿರೋರ ಕಥೆ ಬೇರೆ. 2014ರ ಪೈಥೋ ಟ್ರಯಲಲ್ಲಿ ಸಾವಿರಕ್ಕೂ ಮೇಲೆ ಅಂಥ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಟೆನೆಕ್ಟೆಪ್ಲೇಸ್ (ಅದೇ ಥರ ಹೆಪ್ಪು ಕರಗಿಸೋದು), ಉಳಿದೋರಿಗೆ ಬರೀ ಹೆಪಾರಿನ್ ಕೊಟ್ಟು ನೋಡಿದ್ರು, ಬಿಪಿ ಕುಸಿಯೋದು ಕಮ್ಮಿ ಆಯ್ತು, ಆದ್ರೆ ಮಿದುಳಿನ ರಕ್ತಸ್ರಾವ ನೂರಕ್ಕೆ 2 ಜನರಿಗೆ, ಬರೀ ಹೆಪಾರಿನ್ ಗುಂಪಲ್ಲಿ 0.2. ಅದಕ್ಕೇ ಎಕೋಲಿ ಬಲಗಡೆ ಸ್ವಲ್ಪ ದೊಡ್ಡದು ಕಂಡ ತಕ್ಷಣ ಲೈಸಿಸ್ ಚುಚ್ಚೋದು ಸರಿ ಅಲ್ಲ, ಅಂಥೋರನ್ನ ಹೆಪಾರಿನ್ ಮೇಲೆ ಇಟ್ಟು ಕಾಯಬೇಕು. ಬಿಪಿ ಬಿದ್ದ ಮೇಲೆ ಕಾಯೋದೂ ಸರಿ ಅಲ್ಲ.

ಔಷಧಿ ಯಾವುದು? ಗೈಡ್‌ಲೈನಲ್ಲಿರೋದು ಆಲ್ಟೆಪ್ಲೇಸ್ 100 ಮಿಲಿಗ್ರಾಂ ಎರಡು ಗಂಟೆಯಲ್ಲಿ, ಇಲ್ಲಾಂದ್ರೆ ಸ್ಟ್ರೆಪ್ಟೋಕೈನೇಸ್ 15 ಲಕ್ಷ ಯೂನಿಟ್ ಎರಡು ಗಂಟೆಯಲ್ಲಿ, ಆದ್ರೆ ಎರಡನೇದು ತಾನೇ ಬಿಪಿ ಇಳಿಸುತ್ತೆ. ನಮ್ಮ ಫ್ರಿಜ್ಜಲ್ಲಿದ್ದದ್ದು ಟೆನೆಕ್ಟೆಪ್ಲೇಸ್, ಹೃದಯಾಘಾತಕ್ಕೆ ಅಂತ ಇಟ್ಟಿರೋದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿರೋದು ಇದೇ ಔಷಧಿ. ತೂಕ 60ರಿಂದ 69 ಕೆಜಿ ಇದ್ರೆ 35 ಮಿಲಿಗ್ರಾಂ, ಐದು ಹತ್ತು ಸೆಕೆಂಡಲ್ಲಿ ಒಂದೇ ಸಲ, ಪಂಪ್ ಬೇಡ ಏನೂ ಬೇಡ. ಬಂದು 40 ನಿಮಿಷದೊಳಗೆ ಹೋಯ್ತು. ಪಕ್ಕದಲ್ಲಿ ಸಿಪಿಆರ್‌ಗೆ ಇಬ್ಬರು ನಿಂತಿದ್ರು. ಆ ಹೊತ್ತಲ್ಲಿ ಹೃದಯ ನಿಂತಿದ್ರೂ ಕೈಬಿಡೋ ಹಾಗಿರಲಿಲ್ಲ, ಔಷಧಿ ಕೊಟ್ಟ ಮೇಲೆ 60ರಿಂದ 90 ನಿಮಿಷ ಎದೆ ಒತ್ತುತ್ತಾ ಇರಬೇಕು, ಹೆಪ್ಪು ಒಡೆಯೋಕೆ ಅಷ್ಟು ಸಮಯ ಬೇಕು.

ಮೊದಲ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ, ಬಿಪಿ ನಾರ್‌ಅಡ್ರಿನಲಿನ್ ಮೇಲೆ 84, ಪಲ್ಸ್ 130. "ಉಸಿರು ಕಟ್ತಿದೆ, ನಾನು ಉಳಿಯಲ್ಲ" ಅಂತ ಎರಡು ಸಲ ಅಂದ್ರು. ಮುಕ್ಕಾಲು ಗಂಟೆ ಆದಾಗ ಪಲ್ಸ್ 118ಕ್ಕೆ ಬಂತು, ಬೆವರು ನಿಂತಿತ್ತು, ಹೆಬ್ಬೆರಳ ಉಗುರು ಒತ್ತಿ ಬಿಟ್ರೆ ಬಣ್ಣ ಬೇಗ ವಾಪಸ್ ಬರ್ತಿತ್ತು. ಮಾನಿಟರ್ ಏನೇ ಹೇಳಲಿ, ನನಗೆ ಧೈರ್ಯ ಬಂದಿದ್ದು ಆ ಉಗುರು ನೋಡಿ. ಎರಡು ಗಂಟೆಗೆ ಬಿಪಿ 108/70, ನಾರ್‌ಅಡ್ರಿನಲಿನ್ ಅರ್ಧಕ್ಕಿಳಿಸಿದ್ವಿ, ಮೂತ್ರ ಬರೋಕೆ ಶುರುವಾಯ್ತು, ಸಂಜೆಗೆ ಪೂರ್ತಿ ನಿಲ್ಲಿಸಿದ್ವಿ.

ರಕ್ತಸ್ರಾವ ಆಗದೇ ಇರಲಿಲ್ಲ, ಆದ್ರೆ ನಾವು ಕಾಯ್ತಿದ್ದ ಕಡೆ ಅಲ್ಲ. ರಾತ್ರಿ ಮಗ್ಗಲು ತಿರುಗಿಸಿದ ಸಿಸ್ಟರ್ ಕರೆದ್ರು, ಎಡ ಕುಂಡಿ ಗಟ್ಟಿಯಾಗಿ ಊದಿ, ನೇರಳೆ ಬಣ್ಣ ಸೊಂಟದವರೆಗೂ ಏರಿತ್ತು. ಬೆಳಿಗ್ಗೆ ನೋವಿಗೆ ಅಂತ ಚುಚ್ಚಿದ್ದ ಆ ಡೈಕ್ಲೋಫೆನಾಕ್ ಜಾಗ. ಹಿಮೋಗ್ಲೋಬಿನ್ 13.2 ಇದ್ದದ್ದು 10.8. ಹೆಪಾರಿನ್ ನಿಲ್ಲಿಸಿ ಒತ್ತಿ ಕಟ್ಟಿ, ಊತದ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು ಗಂಟೆಗೊಮ್ಮೆ ನೋಡಿದ್ವಿ, ಗೆರೆ ದಾಟಲಿಲ್ಲ, ಬೆಳಗಿನ ಜಾವ ಬೋಲಸ್ (ಒಂದೇ ಸಲದ ದೊಡ್ಡ ಡೋಸ್) ಇಲ್ಲದೆ ಹೆಪಾರಿನ್ ಮತ್ತೆ ಶುರು. ಎದೆನೋವು ಅಥವಾ ಏದುಸಿರು ಅಂತ ಬಂದೋರಿಗೆ ಕುಂಡಿಗೆ ಇಂಜೆಕ್ಷನ್ ಕೊಡೋ ಚಾಳಿ ನಮ್ಮ ಕಡೆ ಹೋಗಬೇಕು. ಸೂಜಿ ಹಾಕದಿದ್ರೆ ಡಾಕ್ಟರೇ ಅಲ್ಲ ಅನ್ನೋ ಜನರ ಒತ್ತಾಯನೂ ಇದೆ, ಒಪ್ತೀನಿ, ಆದ್ರೆ ಮುಂದಿನ ಆಸ್ಪತ್ರೆಯಲ್ಲಿ ರಕ್ತ ತೆಳು ಮಾಡೋ ಔಷಧಿ ಬೀಳೋ ಸಾಧ್ಯತೆ ಇರೋರಿಗೆ ಅದು ಬೇಡವೇ ಬೇಡ.

ಮರುದಿನ ಮೂಳೆ ಡಾಕ್ಟರ್ ಪ್ಲಾಸ್ಟರ್ ಉದ್ದಕ್ಕೂ ಎರಡು ಕಡೆ ಸೀಳಿದ್ರು. ಒಳಗೆ ಮೀನಖಂಡ ಹೊಳೆಯೋ ಹಾಗೆ ಊದಿತ್ತು. ಆಮೇಲೆ ಅಕ್ಕ ಹೇಳಿದ್ದು: ಹತ್ತು ದಿನದಿಂದ ಪ್ಲಾಸ್ಟರ್ ಬಿಗಿ ಆಗಿದೆ ಅಂತಿದ್ರು, ಬೆರಳು ಊದಿತ್ತು, ಮೂಳೆ ಕೂಡೋ ನೋವು ಅಂತ ಎಲ್ಲರೂ ಅಂದ್ರು, ತೊಡೆಗೆ ಎಣ್ಣೆ ತಿಕ್ಕಿದ್ವಿ. ರಸ್ತೆಗೆ ಮರ ಬಿದ್ದು ಬಸ್ ಬೇರೆ ಇರಲಿಲ್ಲ. ಎಣ್ಣೆ ತಿಕ್ಕಿದ್ದಕ್ಕೇ ಹೆಪ್ಪು ಕಿತ್ತು ಬಂತಾ ಅಂತ ಅಕ್ಕ ಕೇಳಿದ್ರು, ಹಾಗೆ ಹೇಳೋಕಾಗಲ್ಲ, ಹೆಪ್ಪು ಆಗ್ಲೇ ಇತ್ತು, ತಾನಾಗೂ ಕಿತ್ತು ಬರುತ್ತೆ ಅಂದೆ, ಅದು ನಿಜನೂ ಹೌದು. ಸಿಟಿನೂ ಅವತ್ತೇ ಮಾಡಿಸಿದ್ವಿ, ಎರಡೂ ಶ್ವಾಸಕೋಶದ ಕೆಳಗಿನ ಕವಲುಗಳಲ್ಲಿ ಇನ್ನೂ ಹೆಪ್ಪು ಇತ್ತು, ಮೇನ್ ಕೊಳವೆಗಳು ತೆರೆದಿದ್ವು. ಮೂರನೇ ದಿನದ ಎಕೋದಲ್ಲಿ ಟ್ಯಾಪ್ಸಿ 17.

ಪ್ಲಾಸ್ಟರ್ ಹಾಕಿದ ಎಲ್ಲರಿಗೂ ಮುಂಚೆನೇ ಹೆಪಾರಿನ್ ಸೂಜಿ ಕೊಟ್ಟಿದ್ರೆ ಆಗ್ತಿರಲಿಲ್ವಾ ಅಂತ ನಮ್ಮ ಡ್ಯೂಟಿ ಡಾಕ್ಟರ್ ಹುಡುಗಿ ಕೇಳಿದ್ಲು. ನೆದರ್ಲೆಂಡ್ಸಲ್ಲಿ ನೋಡಿದಾರೆ, 2017ರ ಪಾಟ್-ಕ್ಯಾಸ್ಟ್ ಟ್ರಯಲ್, ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿದೋರು. ಸೂಜಿ ಕೊಟ್ಟೋರಲ್ಲಿ 1.4 ಶೇಕಡಾ ಹೆಪ್ಪು, ಕೊಡದೋರಲ್ಲಿ 1.8, ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ತೊಡೆವರೆಗೂ ಪ್ಲಾಸ್ಟರ್ ಹಾಕಿ, ನಡೆಯೋಕೆ ಜಾಗ ಇಲ್ಲದ ಇಳಿಜಾರಿನ ಮನೆಯಲ್ಲಿ ಮಂಚದ ಮೇಲೇ ಇರೋರಿಗೆ ಆ ಲೆಕ್ಕ ಹಾಗೇ ಅನ್ವಯಿಸಲ್ಲ, ಅಂಥೋರನ್ನ ಒಬ್ಬೊಬ್ಬರನ್ನಾಗಿ ಯೋಚ್ನೆ ಮಾಡಬೇಕು. ಪ್ಲಾಸ್ಟರ್ ಚೀಟಿಯಲ್ಲಿ ಎರಡು ಸಾಲು, ಬೆರಳು ಊದಿದ್ರೆ ಮೀನಖಂಡ ನೋವು ಜಾಸ್ತಿ ಆದ್ರೆ ಅಥವಾ ಏದುಸಿರು ಬಂದ್ರೆ ಅವತ್ತೇ ಬನ್ನಿ ಅಂತ, ಕನ್ನಡದಲ್ಲಿ ಬರೆದುಕೊಡೋಕೆ ಮಾತ್ರ ಯಾವ ಟ್ರಯಲೂ ಬೇಕಿಲ್ಲ.

ಐದನೇ ದಿನ ರಕ್ತ ತೆಳು ಮಾಡೋ ರಿವರಾಕ್ಸಬಾನ್ ಮಾತ್ರೆಗೆ ಬದಲಾಯಿಸಿದ್ವಿ, 15 ಮಿಲಿಗ್ರಾಂ ದಿನಕ್ಕೆ ಎರಡು ಸಲ 21 ದಿನ, ಆಮೇಲೆ 20 ಮಿಲಿಗ್ರಾಂ ದಿನಕ್ಕೆ ಒಂದು ಸಲ, ಕನಿಷ್ಠ ಮೂರು ತಿಂಗಳು. ಈ ಮಾತ್ರೆ ಊಟದ ಜೊತೆನೇ ತಗೋಬೇಕು, ಖಾಲಿ ಹೊಟ್ಟೆಗೆ ಸರಿಯಾಗಿ ಹೀರಲ್ಲ, ಬರೀ ಚಾ ಕುಡಿದು ನುಂಗೋರಿಗೆ ಇದನ್ನ ಒತ್ತಿ ಹೇಳಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬಂದ ದಿನವೇ ನಿಲ್ಲಿಸಿದ್ವಿ, ಹಳೇ ಚೀಟಿ ನೋಡಿ ಊರಲ್ಲಿ ಮತ್ತೆ ಶುರು ಮಾಡ್ದೆ ಇರಲಿ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೆಂಪು ಇಂಕಲ್ಲಿ ಬರೆದೆ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬೇಡ.

ಮೂರು ತಿಂಗಳಿಗೆ ಬಂದ್ರು, ಮೂಳೆ ಕೂಡಿದೆ, ಕೋಲು ಬಿಟ್ಟು ನಡೀತಾರೆ. ಆದ್ರೆ ತೋಟದಿಂದ ಮನೆಗೆ ಏರು ಹತ್ತೋವಾಗ ಎರಡು ಕಡೆ ನಿಲ್ಲಬೇಕು ಅಂತಾರೆ. ಎಕೋದಲ್ಲಿ ಬಲ ವೆಂಟ್ರಿಕಲ್ ಸೈಜು ಸರಿಯಾಗಿದೆ, ಶ್ವಾಸಕೋಶದ ಒತ್ತಡ ಮಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆ. ತಿಂಗಳುಗಟ್ಟಲೆ ಮಲಗಿದ್ದಕ್ಕೆ ಮೈ ಸಡಿಲ ಆಗಿರೋ ಏದುಸಿರೂ ಆಗಿರಬಹುದು, ಕರಗದೆ ಉಳಿದ ಹೆಪ್ಪು ಗಟ್ಟಿಯಾಗಿ ಕೊಳವೆಗೆ ಅಂಟಿಕೊಂಡಿರೋದೂ ಆಗಿರಬಹುದು. ಎರಡನೇದಾಗಿದ್ರೆ ಮಾತ್ರೆ ಜೀವನಪೂರ್ತಿ, ಕೆಲವರಿಗೆ ಹೆಪ್ಪು ಬಿಡಿಸಿ ತೆಗೆಯೋ ಆಪರೇಷನ್ನೂ ಬೇಕಾಗುತ್ತೆ. ಅದನ್ನ ಹಿಡಿಯೋಕೆ ವೆಂಟಿಲೇಷನ್ ಪರ್ಫ್ಯೂಷನ್ ಸ್ಕ್ಯಾನ್ ಆಗಬೇಕು, ಮಣಿಪಾಲಕ್ಕೆ ಬರೆದುಕೊಟ್ಟಿದೀನಿ. ಕೊನೆ ಕೊಯ್ಲು ಶುರುವಾಗಿದೆ, ಮುಗಿಸ್ಕೊಂಡು ಹೋಗ್ತೀನಿ ಅಂದ್ರು. ಹತ್ತೋದು ಬೇಡ, ದೋಟಿ ಹಿಡಿಯೋದೂ ಸದ್ಯಕ್ಕೆ ಬೇಡ, ಕೆಳಗೆ ಕೂತು ಸುಲಿಯೋ ಲೆಕ್ಕ ಬರ್ಕೊಳ್ಳಿ ಅಂದೆ. ಸ್ಕ್ಯಾನ್ ಆಗಿ ರಿಪೋರ್ಟ್ ಬರೋವರೆಗೂ ರಿವರಾಕ್ಸಬಾನ್ ಮುಂದುವರಿಸಿದೀನಿ.